ಅಜ್ಜನ ಊದುಗೊಳವೆ

“ಗುರುಗಳೇ, ಮಾಗಿ ಚಳಿ ಬಂತು. ಪ್ರತಿವರ್ಷ ಈ ಹೊತ್ತಿಗೆ ನೆಗಡಿ ಜ್ವರ ಹರಡಿ ಮಠದ ಅರ್ಧ ಮಂದಿ ಹಾಸಿಗೆ ಹಿಡಿಯುತ್ತಾರೆ. ಈ ಸಲ ಕಷಾಯಕ್ಕೆ ಶುಂಠಿ, ಮೆಣಸು ತರಿಸಿದ್ದೇನೆ. ಕೈ ತೊಳೆಯಲು ಬಾಗಿಲಲ್ಲೇ ಬಿಸಿನೀರು ಇಡಿಸಿದ್ದೇನೆ. ಇನ್ನೇನು ಉಳಿದಿದೆ?”

ಹೀಗೆ ಕೇಳಿದವನು ಮಠದ ಅಡುಗೆಮನೆಯ ಹೊಣೆ ಹೊತ್ತಿದ್ದ ಶಿಷ್ಯ ಮಹಾಲಿಂಗ. ಗುರುಗಳು, “ಕೂತುಕೋ, ಒಬ್ಬ ಅಕ್ಕಸಾಲಿಗನ ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಮಾನಪ್ಪ ಪತ್ತಾರನೆಂಬ ಅಕ್ಕಸಾಲಿಗನಿದ್ದ. ಅವನ ಅಕ್ಕಸಾಲೆಯಲ್ಲಿ ಆರು ಮಂದಿ ಕೆಲಸಗಾರರು ವಯಸ್ಸಿನ ಪ್ರಕಾರ ಸಾಲಾಗಿ ಕೂತು ಒಡವೆ ಮಾಡುತ್ತಿದ್ದರು. ಮಾನಪ್ಪನ ಕೈಕೆಲಸ ಅಪ್ಪಟ, ಬಾಯಿ ಮಾತ್ರ ಸ್ವಲ್ಪ ಜೋರು. ಹಿಂದಿನ ಮಾಗಿಯಲ್ಲಿ ಅವನೂ ಸೇರಿ ಏಳು ಮಂದಿಗೂ ಒಟ್ಟಿಗೆ ಜ್ವರ ಬಂತು. ಒಪ್ಪಿಕೊಂಡಿದ್ದ ತಾಳಿ ಮುಹೂರ್ತಕ್ಕೆ ಮುಗಿಯಲಿಲ್ಲ. ಎಣ್ಣೆ ವ್ಯಾಪಾರಿಯೊಬ್ಬನ ಹಿರಿಯ ಮಗಳಿಗೆ ಅರಿಶಿನದ ಕೊಂಬು ಕಟ್ಟಿ ಮದುವೆ ಮಾಡಿದರು. ವ್ಯಾಪಾರಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಮಾನಪ್ಪ ವರ್ಷವಿಡೀ ಆ ಎಣ್ಣೆ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡಿದ.

ಈ ವರ್ಷ ಅದೇ ವ್ಯಾಪಾರಿ ಕಿರಿಯ ಮಗಳ ಒಡವೆಗೂ ಅವನ ಬಳಿಗೇ ಬಂದ. ಮಾನಪ್ಪನ ಕಣ್ಣಲ್ಲಿ ನೀರಾಡಿತು. “ಈ ಸಲ ತಪ್ಪಿದರೆ ನಾನು ಮತ್ತೆ ಸುತ್ತಿಗೆ ಹಿಡಿಯುವುದಿಲ್ಲ” ಎಂದು ಮಾತು ಕೊಟ್ಟುಬಿಟ್ಟ.

ಕೊಟ್ಟ ಮೇಲೆ ಸುಮ್ಮನೆ ಕೂರುವ ಜಾತಿಯಲ್ಲ ಅವನದು. ಗೋಡೆಗೆ ಸುಣ್ಣ ಬಳಿಸಿದ. ಗಾಳಿಗೆ ಚಿನ್ನದ ಪುಡಿ ಹಾರೀತೆಂದು ಅಪ್ಪನ ಕಾಲದಿಂದ ಮುಚ್ಚಿದ್ದ ಕಿಟಕಿಯನ್ನು ತೆರೆಸಿದ. ಒಬ್ಬೊಬ್ಬರಿಗೂ ಬೇರೆ ಲೋಟ ಕೊಟ್ಟು ಅದರ ಮೇಲೆ ತಾನೇ ಹೆಸರು ಕೊರೆದ. ಒಬ್ಬರಿಂದೊಬ್ಬರನ್ನು ಮಾರು ದೂರ ಕೂರಿಸಿದ. ಸೀನು ಬಂದವರು ಅಂಗಳಕ್ಕೆ ಓಡಬೇಕೆಂದು ಕಟ್ಟಪ್ಪಣೆ ಮಾಡಿದ. ಹಿರಿಯ ಕೆಲಸಗಾರ ಈರಣ್ಣ, “ಓಡುವಷ್ಟರಲ್ಲಿ ಬಂದ ಸೀನು ಎತ್ತಲೋ ಹೋಗುತ್ತದಪ್ಪ!” ಎಂದು ಗೊಣಗಿದ. ಎಲ್ಲರೂ ನಕ್ಕರು. ಇಂಥ ಸಿದ್ಧತೆಯನ್ನು ಆ ಊರು ಕಂಡಿರಲಿಲ್ಲ.

ಮುಹೂರ್ತಕ್ಕೆ ಹನ್ನೆರಡು ದಿನ ಇರುವಾಗ ಒಡವೆಯ ಕೆಲಸ ಶುರುವಾಯಿತು. ಮೂರನೆಯ ದಿನ ಈರಣ್ಣ ಸೀನಿದ. ಮರುದಿನ ಅವನ ಪಕ್ಕದವನು. ಅದರ ಮರುದಿನ ಅವನಾಚೆಯವನು. ಮಾನಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ಲೋಟಗಳನ್ನು ಮೂಸಿ ನೋಡಿದ. ಕಿಟಕಿಯನ್ನು ಬೈದ. ಸುಣ್ಣ ಬಳಿದು ಹೋದವನನ್ನೂ ಬಿಡದೆ ಬೈದ. ಇನ್ನು ನಾಲ್ಕು ದಿನಕ್ಕೆ ಏಳು ಮಂದಿಯೂ ಮಲಗುತ್ತಾರೆ, ಕಿರಿಯ ಹುಡುಗಿಗೂ ಅರಿಶಿನದ ಕೊಂಬೇ ಗತಿ ಎಂದು ತಲೆಯ ಮೇಲೆ ಕೈ ಹೊತ್ತು ಕೂತ.

ದಿನಾ ಬೆಳಿಗ್ಗೆ ಕಷಾಯ ತರುತ್ತಿದ್ದ ಹೆಂಡತಿ ಕಾಳವ್ವ ಮಾತ್ರ ಇನ್ನೊಂದನ್ನು ನೋಡುತ್ತಿದ್ದಳು. ಆ ಅಕ್ಕಸಾಲೆಯಲ್ಲಿ ದಿನದ ಮೊದಲ ಬೆಂಕಿಯನ್ನು ಮಾನಪ್ಪನ ಅಜ್ಜನ ಹಿತ್ತಾಳೆ ಊದುಗೊಳವೆಯಿಂದಲೇ ಎಬ್ಬಿಸಬೇಕು. ಹಿರಿಯನಿಂದ ಕಿರಿಯನವರೆಗೆ ಒಬ್ಬೊಬ್ಬರೂ ಅದನ್ನು ಕಣ್ಣಿಗೊತ್ತಿಕೊಂಡು, ಬಾಯಿಗಿಟ್ಟು, ಒಂದೊಂದು ಉಸಿರು ಊದಬೇಕು. ಕೊನೆಯ ಉಸಿರು ಯಜಮಾನನದು. ಮೂರು ತಲೆಮಾರಿನಿಂದ ಒಂದು ದಿನವೂ ತಪ್ಪಿರಲಿಲ್ಲ.

“ಅಲ್ಲ ರೀ, ಸೀನು ಸಾಲು ಹಿಡಿದು ಬರುತ್ತಿರುವುದು ಕಾಣುವುದಿಲ್ಲವೇ?” ಎಂದಳು ಕಾಳವ್ವ. “ಅಜ್ಜನ ಕೊಳವೆ ಹೋದ ದಾರಿಯಲ್ಲೇ ಅದೂ ಹೋಗುತ್ತಿದೆ.”

“ಅಜ್ಜನ ಕೊಳವೆಗೇ ಹೆಸರಿಡುತ್ತೀಯಾ?” ಮಾನಪ್ಪ ಗುಡುಗಿದ. “ಅದರಲ್ಲಿ ನಮ್ಮ ಮನೆತನದ ಉಸಿರಿದೆ!”

“ಇದೆ, ಯಾರು ಇಲ್ಲವೆಂದರು? ಈರಣ್ಣನ ನೆಗಡಿಯೂ ಅದರಲ್ಲೇ ಇದೆ.”

ಇಡೀ ಅಕ್ಕಸಾಲೆ ಗೊಳ್ಳೆಂದಿತು. ಅಂಗಳದಲ್ಲಿ ಮೂಗು ಒರೆಸುತ್ತಿದ್ದ ಈರಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾನಪ್ಪ ನಗಲಿಲ್ಲ. ಕೊಳವೆಯನ್ನು ಕೈಗೆತ್ತಿಕೊಂಡ. ಪದ್ಧತಿ ಬಿಟ್ಟರೆ ಅಜ್ಜ ಮುನಿದಾನೆಂದು ಅಂಜಿಕೆ. ಬಿಡದಿದ್ದರೆ ಆ ಹುಡುಗಿಯ ಕೊರಳು ಬರಿದು. ಕೊನೆಗೆ ಹುಡುಗಿಯೇ ಗೆದ್ದಳು.

ಸೀನುತ್ತಿದ್ದ ಮೂವರಿಗೆ, “ಮನೆಗೆ ಹೋಗಿ ಬೆಚ್ಚಗೆ ಮಲಗಿ, ಇವತ್ತಿನ ನಿಮ್ಮ ಕೆಲಸ ಅದೇ” ಎಂದು ಹೇಳಿ ಕಳಿಸಿದ. ಉಳಿದವರಿಗೆ ಒಂದೊಂದು ಹೊಸ ಕೊಳವೆ ಮಾಡಿಕೊಟ್ಟ. ಅಜ್ಜನ ಕೊಳವೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಕುಂಕುಮವಿಟ್ಟು, ದೇವರ ಪಕ್ಕದಲ್ಲಿಟ್ಟ. ಅಂದಿನಿಂದ ಎಲ್ಲರೂ ದೂರದಿಂದಲೇ ಅದಕ್ಕೆ ಕೈಮುಗಿದು ಕೆಲಸಕ್ಕೆ ಕೂತರು. ಸೀನು ಮೂರನೆಯವನಲ್ಲೇ ನಿಂತುಹೋಯಿತು.

ನಾಲ್ಕು ಜನರೇ ಮೈಮುರಿದು ದುಡಿದರು. ಮುಹೂರ್ತಕ್ಕೆ ಒಂದು ದಿನ ಮೊದಲೇ ಒಡವೆ ಮದುವೆಮನೆ ಸೇರಿತು. ತಾಳಿ ಕಟ್ಟುವಾಗ ಮಾನಪ್ಪ ಎಲ್ಲರಿಗಿಂತ ಮುಂದೆ ನಿಂತು ಮುಷ್ಟಿ ತುಂಬ ಅಕ್ಷತೆ ಹಾಕಿದ. ಊಟಕ್ಕೆ ಕೂತಾಗ ವ್ಯಾಪಾರಿ ತಾನೇ ಬಂದು ಹೋಳಿಗೆ ಬಡಿಸಿ, “ನಿನ್ನಿಂದ ನನ್ನ ಮನೆ ಬೆಳಗಿತಪ್ಪ” ಎಂದ. ಮಾನಪ್ಪ ಅಳುತ್ತಲೇ ತಿಂದ. ಅಳುತ್ತಲೇ ಇನ್ನೆರಡು ಹಾಕಿಸಿಕೊಂಡ.

ಕತೆ ಕೇಳಿ ಮಹಾಲಿಂಗ ತೊಡೆ ತಟ್ಟಿ ನಕ್ಕ. “ಎಂಥ ಮರುಳನಪ್ಪ ಆ ಪತ್ತಾರ! ಅಷ್ಟೆಲ್ಲ ಮಾಡಿದವನಿಗೆ ಕಣ್ಣೆದುರಿನ ಕೊಳವೆ ಕಾಣಲಿಲ್ಲವಲ್ಲ!”

ಗುರುಗಳೂ ಅವನ ಜೊತೆ ಮನಸಾರೆ ನಕ್ಕು, ಹೇಳಿದರು:

“ದಿನಾ ಬೆಳಿಗ್ಗೆ ನೀವು ನಲವತ್ತು ಮಂದಿ ಒಂದೇ ಬಟ್ಟಲಿಗೆ ತುಟಿಯಿಟ್ಟು ನನ್ನ ಕೈಯಿಂದ ತೀರ್ಥ ಕುಡಿಯುತ್ತೀರಲ್ಲ ಮಹಾಲಿಂಗ, ಅದು ನಿನಗೆ ಕಂಡಿತೇ?”