ರಕ್ಕಸಿ ತನ್ನ ತವರು ನೋಡಿದ್ದು

“ತಲೆಯ ಮೇಲಿನ ಆಸೆ ಬಿಟ್ಟವರು ಮುಂದೆ ಬನ್ನಿ, ಮಿಕ್ಕವರು ದೂರ ನಿಲ್ಲಿ!” ಎಂದು ಸೋಮೆಯರಸರ ಡಂಗುರ ತಾರೆಗಲ್ಲಿನ ಬೀದಿಬೀದಿಯಲ್ಲೂ ಮೊಳಗಿತು. “ಕರಿಗುಡ್ಡದ ರಕ್ಕಸಿ ಕೆಂಜೆಡೆ ಆಕಾಶದಿಂದ ಜಾರಿ ಬಿದ್ದವಳು. ಚುಕ್ಕಿಗಳ ನಡುವೆ ಬೂದಿ ಉದುರಿದ ಹಾಗೆ ಮಸುಕಾಗಿರುವ ಕಲೆಯೇ ಅವಳ ತವರೂರು. ಅದರ ಪಟ ಹಿಡಿಯುವ ಸಾಮಾನು ಅರಮನೆಯ ಉಗ್ರಾಣದಲ್ಲಿದೆ. ಅವಳ ಮೂರು ಒಗಟು ಬಿಡಿಸಿ, ತಕ್ಕ ಸಾಮಾನು ಆರಿಸಿ, ಪಟ ತೋರಿಸಿದವನಿಗೆ ಅವಳು ಕುತ್ತಿಗೆ ಒಡ್ಡುತ್ತಾಳೆ. ಅರಸರು ಅರ್ಧ ರಾಜ್ಯವನ್ನೂ ಮಗಳು ಹೊಂಬಾಳೆಯನ್ನೂ ಕೊಡುತ್ತಾರೆ. ತಪ್ಪಿದವನು ಅವಳ ಬಾಯಿಗೆ. ಯಾರೂ ಬಿಡಿಸದಿದ್ದರೆ ಈ ಅಮಾವಾಸ್ಯೆಯ ಸರದಿ ಗಾಣಿಗರ ಕೇರಿಯ ದೇವೀರಿಯದು!”

ಕೇಳುತ್ತಲೇ ಚಿಕ್ಕೀರನ ಕೈಯಿಂದ ಎಳ್ಳಿನ ಮೊರ ಜಾರಿತು. ದೇವೀರಿ ಅವನ ಒಡಹುಟ್ಟಿದ ಅಕ್ಕ. ಹೋದ ಅಮಾವಾಸ್ಯೆಗೆ ಅವಳ ಗಂಡನನ್ನು ರಕ್ಕಸಿ ಕಬ್ಬು ಸಿಗಿದ ಹಾಗೆ ಸಿಗಿದು ತಿಂದಿದ್ದಳು. ಮನೆಗೆ ಬಂದದ್ದು ಅವನ ಹೆಗಲ ವಲ್ಲಿ ಒಂದೇ.

“ನೀನು ಬರಬೇಡವೋ, ಗಾಣ ಯಾರು ಹೊಡೀತಾರೆ?” ಅಂದಳು ದೇವೀರಿ.

“ನೀನೇ ಇಲ್ಲದ ಮೇಲೆ ಯಾರ ತಲೆಗೆ ಅಕ್ಕಾ ಎಣ್ಣೆ?” ಎಂದು ಚಿಕ್ಕೀರ ಕೊಡಲಿ ಹೆಗಲಿಗಿಟ್ಟು ಅವಳ ಹಿಂದೆಯೇ ಗುಡ್ಡ ಹತ್ತಿದ.

ಬಂಡೆಯ ಮೇಲೆ ಅರಮನೆಯ ಸಾಮಾನೆಲ್ಲ ಹರಡಿತ್ತು. ಫಿರಂಗಿಯಂಥ ದುರ್ಬೀನು, ಮೊಳದುದ್ದದ ದುರ್ಬೀನು, ಕ್ಯಾಮೆರಾ, ಅವನ್ನು ಏರಿಸಿ ನಿಲ್ಲಿಸಲು ತರತರದ ಮುಕ್ಕಾಲಿ, ಕೆಲವು ನಿಂತೇ ಇರುವಂಥವು, ಕೆಲವು ತಿರುಗುವಂಥವು. ನಡುವೆ ಕೆಂಜೆಡೆ ಕೂತಿದ್ದಳು. ದೇವೀರಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದಳು, ಮಗು ಗಿಲಕಿ ಹಿಡಿದ ಹಾಗೆ.

“ಸಾಮಾನಿನ ಗುಟ್ಟು ನನಗೆ ಗೊತ್ತು. ಆದರೆ ನನ್ನ ಬೆರಳು ತಾಕಿದರೆ ಗಾಜು ಹುಡಿಯಾಗುತ್ತದೆ. ಅದಕ್ಕೇ ತಿಳಿದ ಕೈ ಬೇಕು. ಮೊದಲನೆಯದು ಕೇಳಿ. ಇಡೀ ರಾತ್ರಿ ಅದು ತಿರುಗುತ್ತದೆ, ಅದು ತಿರುಗಿದ್ದರಿಂದಲೇ ಆಕಾಶ ನಿಂತಂತೆ ಕಾಣುತ್ತದೆ. ಹೊಸಬನು ಹಣದ ಗಂಟು ಬಿಚ್ಚಿದರೆ ಮೊದಲು ಅದಕ್ಕೇ ಬಿಚ್ಚಬೇಕು. ಏನದು?”

ಹೊಂಬಾಳೆಯ ಆಸೆಗೆ ಬಂದಿದ್ದ ನೆರೆನಾಡಿನ ರಾಜಕುಮಾರ ಉದ್ದಂಡರಾಯ ಮೀಸೆ ತಿರುವಿ ಮುಂದೆ ಬಂದ. “ಇದೇನು ಮಹಾ! ದುರ್ಬೀನು. ಅದಿಲ್ಲದೆ ನೋಡುವುದೆಲ್ಲಿ ಬಂತು?”

ಮಾತು ಮುಗಿಯುವ ಮೊದಲೇ ರಕ್ಕಸಿ ಅವನ ತಲೆಯನ್ನು ಬದನೆಕಾಯಿ ತೊಟ್ಟು ಮುರಿದಂತೆ ಮುರಿದು ಎಸೆದಳು. ಮೀಸೆ ಇನ್ನೂ ತಿರುವಿಕೊಂಡೇ ಇತ್ತು. ರಕ್ತ ಬಂಡೆಯ ಮೇಲೆ ಹರಿದು ಚಿಕ್ಕೀರನ ಕಾಲು ಬಿಸಿಯಾಯಿತು. ಅವನಿಗೆ ಓಡಿಹೋಗಬೇಕು ಅನಿಸಿತು. ಆದರೆ ಅಕ್ಕನ ಮುಖ ಕಂಡಿತು.

“ತಿರುಗುವ ಮುಕ್ಕಾಲಿ ಅವ್ವಾ,” ಅಂದ. “ಚಿಕ್ಕವನಿದ್ದಾಗ ಗಾಣದ ಮರದ ಮೇಲೆ ಕೂರುತ್ತಿದ್ದೆ. ಎತ್ತು ಮುಂದೆ ನಿಂತೇ ಇದ್ದಂತೆ ಕಾಣುತ್ತಿತ್ತು, ಗೋಡೆ ಓಡುತ್ತಿತ್ತು. ಧ್ರುವ ನಕ್ಷತ್ರ ಗಾಣದ ಕಂಬ, ಚುಕ್ಕಿಗಳು ಎತ್ತು. ಕಂಬಕ್ಕೆ ಸರಿಯಾಗಿ ನಿಲ್ಲಿಸಿದ ಮುಕ್ಕಾಲಿ ಅವುಗಳ ಜೊತೆ ಸುತ್ತಿದರೆ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಪಟದಲ್ಲಿ ಗೀರು ಎಳೆದಂತಾಗುತ್ತದೆ.”

“ಹ್ಞೂಂ, ಎಣ್ಣೆಜಿಡ್ಡೇ, ಬಾಯಿ ಇದೆ ನಿನಗೆ. ಎರಡನೆಯದು. ದೊಡ್ಡದನ್ನು ಹೊತ್ತು ತಂದವನಿಗೆ ನನ್ನ ಊರು ಕಾಣದು, ಚಿಕ್ಕದನ್ನು ತಂದವನಿಗೆ ಊರೆಲ್ಲ ಕಾಣುತ್ತದೆ. ಏನದು, ಯಾಕೆ?”

ಹಿಂದಿನಿಂದ ಮುದ್ದುಸೆಟ್ಟಿ ನುಗ್ಗಿದ. ಊರ ಸಾಹುಕಾರರ ಮಗ ಅವನು. “ಹುಡುಗ ಅರ್ಧ ಮಾಡಿದ್ದಾನೆ, ಮಿಕ್ಕದ್ದು ನನಗಿರಲಿ! ಅದು ಕಣ್ಣು! ಚಿಕ್ಕದೇ ತಾನೆ?”

ರಕ್ಕಸಿ ಅವನನ್ನು ಕಾಲು ಹಿಡಿದು ಎತ್ತಿ ಬಂಡೆಗೆ ಒಗೆದಳು, ಅಗಸರು ಸೀರೆ ಒಗೆದ ಹಾಗೆ. ಎರಡನೆಯ ಪೆಟ್ಟಿಗೆ ಸೆಟ್ಟಿ ಯಾವುದು, ಸೀರೆ ಯಾವುದು ತಿಳಿಯಲಿಲ್ಲ. ಆ ಸಿಟ್ಟಿನಲ್ಲೇ ಎಡಗೈ ಮುಷ್ಟಿ ಬಿಗಿಯಿತು. ದೇವೀರಿಯ ಪಕ್ಕೆಲುಬು ಲಟಕ್ಕೆಂದಿತು. ಅವಳು ತುಟಿ ಕಚ್ಚಿದಳು.

“ಚಿಕ್ಕ ದುರ್ಬೀನು ಅವ್ವಾ, ಚಿಕ್ಕ ದುರ್ಬೀನು!” ಚಿಕ್ಕೀರ ಕಿರುಚಿದ. “ಗಾಣದ ಮರ ತಾಳುವ ಭಾರದಲ್ಲಿ ಅರ್ಧವನ್ನೇ ಹೇರಬೇಕು. ಪೂರ್ತಿ ಹೇರಿದರೆ ಮರ ನಡುಗುತ್ತದೆ. ಮುಕ್ಕಾಲಿಯೂ ಹಾಗೇ. ಫಿರಂಗಿಯಂಥದ್ದನ್ನು ಹೊರಿಸಿದರೆ ಉಸಿರು ಬಿಟ್ಟರೂ ಅಲುಗುತ್ತದೆ, ಸಾಲದ್ದಕ್ಕೆ ನಿನ್ನೂರಿನ ಒಂದು ಮೂಲೆ ಮಾತ್ರ ತೋರಿಸುತ್ತದೆ. ಚಿಕ್ಕದು ಅಗಲಕ್ಕೆ ನೋಡುತ್ತದೆ, ಅಲುಗದೆ ನೋಡುತ್ತದೆ. ನಮ್ಮಕ್ಕನ ಮೇಲಿನ ಕೈ ಸಡಿಲ ಮಾಡು!”

ಮುಷ್ಟಿ ಸಡಿಲವಾಯಿತು.

“ಕಡೆಯದು. ನನ್ನೂರಿನ ದೀಪವನ್ನು ಬರಿಗಣ್ಣು ನೂರು ವರ್ಷ ನೋಡಿದರೂ ಬೂದಿಯಷ್ಟೇ. ಒಂದು ಕುರುಡು ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ಅದರ ಬಣ್ಣ ಹೇಳುತ್ತದೆ. ಕಣ್ಣಿಗಿಲ್ಲದ್ದು ಪೆಟ್ಟಿಗೆಗೆ ಏನಿದೆ?”

ಚಿಕ್ಕೀರ ಬಂಡೆಯ ಮೇಲಿನ ಸಾಮಾನನ್ನು ಒಂದೊಂದಾಗಿ ನೋಡುತ್ತಾ ಹೋದ. ರಕ್ಕಸಿ ದೇವೀರಿಯನ್ನು ನಿಧಾನಕ್ಕೆ ಬಾಯಿಯ ಹತ್ತಿರ ತಂದಳು. ಅವಳ ಬಲಗೈ ಉಗುರಿಗೆ ಸೆಟ್ಟಿಯ ಜರಿಪಂಚೆಯ ಎಳೆ ಸಿಕ್ಕಿಕೊಂಡಿತ್ತು.

“ಕೊಡ!” ಅಂದ ಚಿಕ್ಕೀರ. “ಕೆಳಗಿಟ್ಟ ಕೊಡ ಅವ್ವಾ! ಗಾಣದಿಂದ ಎಣ್ಣೆ ಹನಿಹನಿ ಇಳಿಯುತ್ತದೆ. ಅಂಗೈ ಒಡ್ಡಿದವನಿಗೆ ಜಿಡ್ಡು, ಕೊಡ ಇಟ್ಟವನಿಗೆ ಎಣ್ಣೆ. ಕಣ್ಣು ಕಂಡ ಬೆಳಕನ್ನು ಆಗಲೇ ಚೆಲ್ಲುತ್ತದೆ. ಕ್ಯಾಮೆರಾ ಚೆಲ್ಲದೆ ಕೂಡಿಡುತ್ತದೆ. ಪಟದ ಮೇಲೆ ಪಟ ಕೂಡಿಟ್ಟರೆ ಮಸುಕು ಹೋಗಿ ಊರು ಮೂಡುತ್ತದೆ.”

ಕೆಂಜೆಡೆ ದೇವೀರಿಯನ್ನು ನೆಲಕ್ಕಿಳಿಸಿದಳು. “ತೋರಿಸು,” ಅಂದಳು.

ಚಿಕ್ಕೀರ ಮುಕ್ಕಾಲಿಯನ್ನು ಧ್ರುವಕ್ಕೆ ಮುಖ ಮಾಡಿ ಊರಿದ, ಮೊಳದುದ್ದದ ದುರ್ಬೀನು ಏರಿಸಿದ, ಬೆನ್ನಿಗೆ ಕ್ಯಾಮೆರಾ ಕಟ್ಟಿದ. ಎರಡು ಹೆಣಗಳ ಪಕ್ಕದಲ್ಲೇ ಬೆಳಗಿನವರೆಗೆ ಬೆಳಕು ಹಿಡಿದ. ಕ್ಯಾಮೆರಾದ ಗಾಜಿನಲ್ಲಿ ಬೂದಿಯ ಕಲೆ ಅರಳಿತು. ನಡುವೆ ಬಂಗಾರ, ಅಂಚಿಗೆ ನೀಲಿ, ಸುಳಿಸುಳಿಯಾಗಿ ಕೋಟಿ ದೀಪ.

“ಅಯ್ಯೋ, ನಮ್ಮವ್ವ ದೀಪ ಆರಿಸಿಲ್ಲ ಕಣ್ರೋ,” ಎಂದು ರಕ್ಕಸಿ ನೆಲಕ್ಕೆ ಗಲ್ಲ ಊರಿ ನೋಡುತ್ತಾ ಕುತ್ತಿಗೆ ಚಾಚಿದಳು. ಆಡಿದ ಮಾತಿಗೆ ತಪ್ಪುವ ಜಾತಿಯಲ್ಲ ಅದು.

ಚಿಕ್ಕೀರ ಕೊಡಲಿ ಎತ್ತಿದ. ಕೈ ಮೇಲೇ ನಿಂತಿತು.

“ಕೊಡೋ ಇಲ್ಲಿ,” ಅಂದಳು ದೇವೀರಿ, ಮುರಿದ ಪಕ್ಕೆ ಹಿಡಿದುಕೊಂಡೇ. “ಒಗಟು ನಿನ್ನದು, ಗಂಡ ನನ್ನವನು.”

ಕೊಡಲಿ ಹಿಡಿದು ನಿಂತಳು. “ನೋಡಿ ಆಯ್ತೇನೇ?”

“ಇನ್ನೊಂದು ಗಳಿಗೆ, ತಾಯೀ.”

ದೇವೀರಿ ಕಾದಳು. ಸಾಮಾನು ಹೊತ್ತು ಬಂದ ಆಳುಗಳು “ಹೊಡಿ, ಹೊಡಿ” ಅಂದರೂ ಕಾದಳು.

“ಆಯ್ತು,” ಅಂದಳು ಕೆಂಜೆಡೆ.

ಕುತ್ತಿಗೆ ದಪ್ಪ, ಮೂರು ಪೆಟ್ಟು ಬೇಕಾಯಿತು. ಮೊದಲ ಪೆಟ್ಟು ಗಂಡನ ಹೆಸರಿಗೆ. ಮಿಕ್ಕೆರಡು ಯಾರ ಹೆಸರಿಗೋ.

ಅರಸರು ನುಡಿದಂತೆ ಅರ್ಧ ರಾಜ್ಯ ಕೊಟ್ಟರು. ಹೊಂಬಾಳೆ ಮಾತ್ರ ಮೂಗು ಮುಚ್ಚಿ ಕೇಳಿದಳು: “ಈ ಎಣ್ಣೆಯ ವಾಸನೆ ಹೋಗುತ್ತದೇನು?”

“ಹೋಗಲ್ಲ,” ಅಂದ ಚಿಕ್ಕೀರ.

“ಸುಳ್ಳಾಡುವವನಲ್ಲ. ಹಾಗಾದರೆ ಆಗಬಹುದು.”

ಅಲ್ಲಿಂದೀಚೆಗೆ ಅಮಾವಾಸ್ಯೆ ಬಂತೆಂದರೆ ತಾರೆಗಲ್ಲಿನವರು ಮಕ್ಕಳನ್ನು ಬಚ್ಚಿಡುವುದಿಲ್ಲ. ಅಂಗಳಕ್ಕೆ ಚಾಪೆ ಹಾಸಿ ಅಂಗಾತ ಮಲಗಿಸಿ, ಚುಕ್ಕಿಗಳ ನಡುವಿನ ಆ ಬೂದಿಯ ಕಲೆಯನ್ನು ತೋರಿಸುತ್ತಾರೆ.