ಖಾಲಿ ಬಿಟ್ಟ ನಡುಮನೆ

"ಗುರುಗಳೇ, ನಾಳೆ ನನ್ನೊಡನೆ ವಾದಕ್ಕೆ ಕೂರುವವರ ಮನಸ್ಸಿನಲ್ಲಿ ಏನಿದೆಯೆಂದು ಮೊದಲೇ ತಿಳಿಯುವುದು ಹೇಗೆ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ," ಎಂದ ಶಿಷ್ಯ.

"ಕೆಡುವುದಕ್ಕೆ ತಲೆ ಇದೆಯಲ್ಲ, ಅದೇ ಸಂತೋಷ. ಕೂತುಕೋ," ಎಂದು ಗುರು ಹೇಳತೊಡಗಿದರು.

ಒಬ್ಬ ಅರಸನ ಆಸ್ಥಾನದಲ್ಲಿ ಚದುರಂಗದ ಪಂಡಿತನಿದ್ದ. ದಸರೆಯ ದಿನ ಯಾರು ಬೇಕಾದರೂ ಅವನ ಎದುರು ಆಡಬಹುದಿತ್ತು. ಸೋತರೆ ಪಂಡಿತ ಅಂದೇ ಪೀಠ ಬಿಡಬೇಕು. ಇಪ್ಪತ್ತು ವರ್ಷ ಅವನು ಬಿಟ್ಟಿರಲಿಲ್ಲ.

ಆ ವರ್ಷ ಒಬ್ಬ ನೇಕಾರ ಬಂದು ಕೂತ. ಎಲ್ಲರೂ ರಾಜನ ಮುಂದಿನ ಕಾಲಾಳನ್ನೋ ಮಂತ್ರಿಯ ಮುಂದಿನದನ್ನೋ ನಡೆಸಿ ನಡುಮನೆಗಳನ್ನು ಹಿಡಿಯುತ್ತಾರೆ. ನೇಕಾರ ಒಂದು ಪಕ್ಕದ ಕುದುರೆಯ ಮುಂದಿನ ಕಾಲಾಳನ್ನು ಸರಿಸಿ, ಆ ಜಾಗಕ್ಕೆ ಓರೆ ನಡೆಯ ಒಂಟೆಯನ್ನು ತಂದು ಕೂರಿಸಿದ. ಇನ್ನೊಂದು ಪಕ್ಕದಲ್ಲೂ ಹಾಗೆಯೇ ಮಾಡಿದ. ನಡುವನ್ನು ಮುಟ್ಟಲೇ ಇಲ್ಲ.

ಪಂಡಿತನಿಗೆ ಗಲಿಬಿಲಿಯಾಯಿತು. ನಡುವೆ ಖಾಲಿ ಬಿದ್ದಿದೆ, ಹೋಗಿ ಕೂರಬಹುದು. ಆದರೆ ಕೂರಲಿ ಎಂದೇ ಬಿಟ್ಟಿದ್ದರೆ? ಎಡದಿಂದ ಬರುತ್ತಾನೋ, ಬಲದಿಂದಲೋ? ನೇಕಾರನ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಕಾಣದ್ದಕ್ಕೆ ಇನ್ನಷ್ಟು ಹೆದರಿದ. ಕುದುರೆಯನ್ನು ಎಡಕ್ಕೆ ಕಳಿಸಿದ, ಹಿಂದಕ್ಕೆ ಕರೆಸಿದ, ಬಲಕ್ಕೆ ಕಳಿಸಿದ. ಅಂಚು ಕಾಯಲೆಂದು ಆನೆಗೆ ಓರೆಯಲ್ಲಿ ಅಡ್ಡವಿದ್ದ ಕಾಲಾಳನ್ನೂ ಸರಿಸಿದ. ಪಾಪ, ಓದಿದ್ದೆಲ್ಲ ತಲೆಯೊಳಗೆ ಸಂತೆಯಾಗಿತ್ತು. ನೇಕಾರನ ಒಂಟೆ ಖಾಲಿ ನಡುವನ್ನು ಓರೆಯಾಗಿ ಹಾದು ಬಂದು ಆ ಆನೆಯನ್ನು ಹೊಡೆಯಿತು. ಸಂಜೆಯೊಳಗೆ ಆಟ ಮುಗಿಯಿತು.

ಪಂಡಿತ ಪೀಠದ ಮೇಲಿನ ಶಾಲನ್ನು ಮಡಿಸಿಟ್ಟ. "ಹೋಗುವ ಮೊದಲು ಒಂದು ಹೇಳಿಬಿಡು ಮಾರಾಯ. ಎಂಥ ಹೂಟ ಅದು? ನಡುವನ್ನು ಯಾಕೆ ಬಿಟ್ಟೆ?"

ನೇಕಾರ ತಲೆ ಕೆರೆದುಕೊಂಡ. "ಹೂಟ ಎಲ್ಲೀದು ಬುದ್ಧಿ? ನಮ್ಮನೇಲಿ ಬಟ್ಟೆ ಹಾಸಿನ ಮೇಲೆ ಆಡೋದು. ಅದರ ನಡುವೆ ಇಲಿ ಕಡಿದು ತೂತು ಬಿದ್ದೈತೆ. ಅಲ್ಲಿ ಕಾಯಿ ಇಟ್ರೆ ವಾಲ್ತದೆ. ಅದಕ್ಕೇ ನಾವೆಲ್ಲ ಅಂಚಿನಿಂದ್ಲೇ ಸುರು ಮಾಡೋದು. ನೀವು ನಡುವೆ ಬಂದು ಕೂತಿದ್ರೆ ನಂಗೆ ದಿಕ್ಕೇ ತೋಚ್ತಿರಲಿಲ್ಲ."

ಇಪ್ಪತ್ತು ವರ್ಷದ ಪೀಠ ಹೀಗೆ ಹೋಯಿತು. "ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ," ಎಂದು ಗುರು ಕತೆ ಮುಗಿಸಿದರು.

ಶಿಷ್ಯನಿಗೆ ಗೊಂದಲ ಹೆಚ್ಚಿತು. "ಹಾಗಾದರೆ ನೇಕಾರನ ಮನಸ್ಸಿನಲ್ಲಿ ಯಾವ ಹೂಟವೂ ಇರಲಿಲ್ಲವೇ?"

"ಇತ್ತು," ಎಂದರು ಗುರು, "ಪಂಡಿತ ತಾನೇ ಒಯ್ದು ಅಲ್ಲಿಟ್ಟಿದ್ದ."