ಬೆರಳಗಲದ ಸಂದು

ದಾವಣಗೆರೆಯಲ್ಲಿ ಓಂಕಾರಪ್ಪ ಎಂಬ ಬೋರ್‌ವೆಲ್ ಮೆಕ್ಯಾನಿಕ್ ಇದ್ದ. ಕೈಕೆಲಸದಲ್ಲಿ ಗಟ್ಟಿಗ, ತಾಳ್ಮೆ ಮಾತ್ರ ಸ್ವಲ್ಪ ಕಡಿಮೆ. ಅವನ ಹೆಂಡತಿ ಗಿರಿಜಾಂಬ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಟೀಚರು. ಚಿಕ್ಕಂದಿನಲ್ಲಿ ಬಿದ್ದ ಮೇಲೆ ಆಕೆಯ ಎಡಗಾಲಿನ ಮಂಡಿ ಮಡಚುತ್ತಿರಲಿಲ್ಲ. ಕ್ಲಚ್ ಒತ್ತಲಾಗದ ಆ ಕಾಲಿಗಾಗಿಯೇ ಓಂಕಾರಪ್ಪ ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡಿದ್ದ. ಅಲ್ಲಿಯವರೆಗೆ ಯಾರದೋ ಸ್ಕೂಟರಿನ ಹಿಂದೆ ಕಾಲು ಚಾಚಿ ಕೂತು ಹೋಗುತ್ತಿದ್ದವಳು, ಅಂದಿನಿಂದ ಯಾರನ್ನೂ ಕಾಯದೆ ಹೊರಡತೊಡಗಿದಳು.

ಬೇಸಿಗೆ ರಜೆಯಲ್ಲಿ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ಗುಜರಿಗೆ ಹಾಕಿ ಎಂದರು ಗ್ಯಾರೇಜಿನವರು. ಗಿರಿಜಾಂಬ ಮತ್ತೆ ಸ್ಕೂಟರಿನವರನ್ನು ವಿಚಾರಿಸತೊಡಗಿದಳು. ಅದನ್ನು ಕಂಡು ಓಂಕಾರಪ್ಪನಿಗೆ ಸಂಕಟವಾಯಿತು. "ಶಾಲೆ ಶುರುವಾಗೋ ದಿನ ನಿನ್ನ ಕಾರಲ್ಲೇ ಹೋಗ್ತೀಯ" ಎಂದು ಮಾತು ಕೊಟ್ಟ. ಅದೇ ಮಾದರಿಯ ಗುಜರಿ ಕಾರೊಂದರಿಂದ ಬಿಚ್ಚಿದ ಒಳ್ಳೆಯ ಗೇರ್‌ಬಾಕ್ಸ್ ಹುಡುಕಿ ತಂದ. ಮನೆಯ ಅಂಗಳದಲ್ಲೇ ಕಾರನ್ನು ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಭಾವಮೈದ ರುದ್ರೇಶನ ಜೊತೆ ಸೇರಿ ಹಳೆಯದನ್ನು ಇಳಿಸಿದ.

ಕಷ್ಟವಿರುವುದು ಹೊಸದನ್ನು ಏರಿಸುವುದರಲ್ಲಿ. ಇಂಥ ಗೇರ್‌ಬಾಕ್ಸಿನ ಬಾಯಲ್ಲಿ ಕನ್ವರ್ಟರ್ ಎಂಬ ಭಾರವಾದ ದುಂಡನೆಯ ಡಬ್ಬಿ ಇರುತ್ತದೆ. ಅದನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಒಳಗೆ ಕೂರಿಸಬೇಕು. ಅದು ಪೂರ್ತಿ ಕೂತರೆ, ಕೈಯಲ್ಲಿ ತಳ್ಳಿದರೂ ಗೇರ್‌ಬಾಕ್ಸು ಎಂಜಿನ್ನಿಗೆ ಸೇರಿಕೊಳ್ಳುತ್ತದೆ. ಕೂರದಿದ್ದರೆ ನಡುವೆ ಸಂದು ಉಳಿಯುತ್ತದೆ. ಆಗ ಬೋಲ್ಟು ಬಿಗಿದು ಎಳೆದರೆ ಗೇರ್‌ಬಾಕ್ಸಿನ ಒಳಗಿನ ಎಣ್ಣೆ ಪಂಪು ಒಡೆದು ಎಲ್ಲವೂ ಹಾಳು. ಓಂಕಾರಪ್ಪನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಮರೆಸುವುದೇ ಅವಸರದ ಕೆಲಸ ತಾನೆ?

ಸೋಮವಾರ ಶಾಲೆ ಶುರು. ಭಾನುವಾರ ಮಧ್ಯಾಹ್ನ ಜಾಕಿನಿಂದ ಗೇರ್‌ಬಾಕ್ಸ್ ಏರಿಸಿದರೆ ಬೆರಳಗಲದ ಸಂದು ಉಳಿಯಿತು. ತಳ್ಳಿದರು, ಅಲ್ಲಾಡಿಸಿದರು. ಜಪ್ಪಯ್ಯ ಅಂದರೂ ಕೂರಲಿಲ್ಲ.

"ಬೋಲ್ಟ್ ಹಾಕಿ ಬಿಗೀರಿ ಭಾವ, ತಾನೇ ಬರುತ್ತೆ," ಎಂದ ರುದ್ರೇಶ. "ಮತ್ತೆ ಇಳಿಸಿದ್ರೆ ನಾಳೆಗಂತೂ ಆಗಲ್ಲ."

ಓಂಕಾರಪ್ಪ ಬೋಲ್ಟ್ ಹಾಕಿ ಸ್ಪ್ಯಾನರ್ ತಿರುಗಿಸಿದ. ಸಂದು ಕೂದಲೆಳೆಯಷ್ಟು ಕಿರಿದಾಯಿತು. ಒಳಗೆಲ್ಲೋ ಲೋಹ ನರಳಿತು.

ಬಾಗಿಲಲ್ಲಿ ಕೂತಿದ್ದ ಗಿರಿಜಾಂಬ ಎದ್ದು ಬಂದಳು. "ಏನ್ರೀ ಅದು ಸದ್ದು?"

"ಏನಿಲ್ಲ, ಬಿಗಿಯಾಗಿದೆ. ಎಳೆದ್ರೆ ಬರುತ್ತೆ. ನಿನಗೋಸ್ಕರ ತಾನೆ ಇಷ್ಟೆಲ್ಲ?"

ಅವಳ ಮುಖ ಬಿಳಿಚಿಕೊಂಡಿತು. "ನನ್ನ ಕಾಲಿಗೂ ಹೀಗೇ ಮಾಡಿದ್ರು ಕಣ್ರೀ. ಬಿದ್ದಾಗ ಮಂಡಿ ಊದಿಕೊಂಡು ನೆಟ್ಟಗಾಗ್ತಿರ್ಲಿಲ್ಲ, ಅಷ್ಟೆ. ಮನೇಲಿ ಚಿಕ್ಕಮ್ಮನ ಮದುವೆ ಇತ್ತು. ಮಗು ಎಲ್ಲರ ಮುಂದೆ ಕುಂಟಬಾರದು ಅಂತ ಹಿಡಿದು ಎಳೆದ್ರು. ಇಂಥದೇ ಸದ್ದು ಬಂತು. ಅವತ್ತಿಂದ ಮಂಡಿ ಮಡಚಲೇ ಇಲ್ಲ."

"ಯಾರಕ್ಕ ಎಳೆದದ್ದು?" ಎಂದ ರುದ್ರೇಶ.

"ಅಪ್ಪ ಕಣೋ. ನೀನಿನ್ನೂ ಹುಟ್ಟಿರ್ಲಿಲ್ಲ. ನನ್ನ ಮೇಲೆ ಪ್ರಾಣಾನೇ ಇಟ್ಟಿದ್ರು. 'ನಿನಗೋಸ್ಕರ ಮಗಳೇ' ಅಂತಾನೇ ಎಳೆದ್ರು."

ಇಷ್ಟು ವರ್ಷ ಜೊತೆಗೆ ಬಾಳಿದರೂ ಓಂಕಾರಪ್ಪ ಈ ಮಾತು ಕೇಳಿರಲಿಲ್ಲ. ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ರುದ್ರೇಶ ತಲೆ ತಗ್ಗಿಸಿಕೊಂಡು ಜಾಕು ಇಳಿಸಿದ.

ಪಂಪು ಒಡೆದಿರಲಿಲ್ಲ. ಇನ್ನೊಂದು ಸುತ್ತು ಬಿಗಿದಿದ್ದರೆ ಉಳಿಯುತ್ತಿರಲಿಲ್ಲ.

ಮರುದಿನ ಗಿರಿಜಾಂಬ ತಮ್ಮನ ಸ್ಕೂಟರಿನಲ್ಲಿ ಶಾಲೆಗೆ ಹೋದಳು. ಮಾತು ತಪ್ಪಿದೆನೆಂದು ಓಂಕಾರಪ್ಪನಿಗೆ ನಾಚಿಕೆಯಾಯಿತು. ಆದರೂ ಅವಸರಪಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತ. ಸಂಜೆಯ ಹೊತ್ತಿಗೆ ಒಳಗಿನ ಹಲ್ಲುಗಳು ಹೊಂದಿಕೊಂಡು ಅದು ದಡಕ್ಕನೆ ಇಳಿಯಿತು. ಗೇರ್‌ಬಾಕ್ಸ್ ಏರಿಸಿ ಅಂಗೈಯಲ್ಲಿ ತಳ್ಳಿದ. ಸಂದು ಮುಚ್ಚಿಕೊಂಡಿತು.

ಕಾರು ತಯಾರಾದ ಬೆಳಿಗ್ಗೆ ಓಂಕಾರಪ್ಪ ಬಾಗಿಲು ತೆರೆದು ಹಿಡಿದ. ಗಿರಿಜಾಂಬ ಕೂತು, ಮಡಚದ ಕಾಲನ್ನು ಎತ್ತಿಟ್ಟುಕೊಳ್ಳಲು ಬಾಗಿದಳು. ಸಹಾಯಕ್ಕೆಂದು ಅವನು ಕೈ ಚಾಚಿದ. ಚಾಚಿದವನು ತಡೆದು, "ಹಿಡೀಲಾ?" ಎಂದು ಕೇಳಿದ. ಮದುವೆಯಾದಾಗಿನಿಂದ ಅವನು ಹಾಗೆ ಕೇಳಿದ್ದು ಅದೇ ಮೊದಲು.

ನೀತಿ: ಪ್ರೀತಿಯಿಂದ ಮಾಡಿದರೂ ಬಲವಂತ ಬಲವಂತವೇ. ನಮ್ಮವರ ಒಳಿತಿಗೆಂದು ಹೊರಟಾಗ ಕೈಗೆ ತಾಳ್ಮೆ ಇರಲಿ, ಬಾಯಲ್ಲಿ ಮೊದಲು ಅವರನ್ನು ಕೇಳುವ ಮಾತಿರಲಿ.